ತಂಗಿ ಲಾಗೋಸಿಗೆ ಹೊರಟಾಗ

ಚಿಕ್ಕಂದಿನಲ್ಲಿ ಗುಬ್ಬಿಯ ನಮ್ಮ ಮನೆ ತುಂಬುತ್ತಿದ್ದ ಹುರಿದ ಕಡಲೆಕಾಯಿಯ ಘಮ ನನಗೆ ಮತ್ತೆ ಸಿಕ್ಕಿದ್ದು ಆಫ್ರಿಕಾದ ಲಾಗೋಸ್ ನಗರದಲ್ಲಿ. ಯಜಮಾನರು ಅಲ್ಲಿ ಮೇಷ್ಟ್ರಾಗಿದ್ದರು. ಕೆಲವು ವರ್ಷ ಸುಖವಾಗಿದ್ದು ಬಂದೆವು.

೧೯೮೧ರಲ್ಲಿ ತಂಗಿ ಗಂಗಾಂಬಿಕೆಯ ಗಂಡನಿಗೂ ಅಲ್ಲೇ ಕೆಲಸವಾಯಿತು. ಅವನು ಮುಂಚೆ ಹೋಗಿ ಇವಳಿಗೆ ಟಿಕೆಟ್ ಕಳಿಸಿದ. ಹೊರಡುವ ಹಿಂದಿನ ದಿನವೂ ಅವ್ವ ಒಪ್ಪಿರಲಿಲ್ಲ. ಅವ್ವನ ಮಾತು ಮೀರಿ ತಂಗಿ ಹೋಗುವವಳಲ್ಲ.

“ಹಾಡುಹಗಲೇ ಹೊಡ್ದು ಕಿತ್ಕೊಳ್ಳೋ ಊರಂತೆ. ಪಕ್ಕದ್ಮನೆ ಸಿದ್ದಗಂಗಯ್ಯ ಪೇಪರ್ ನೋಡಿ ಹೇಳವ್ನೆ,” ಎಂದಳು ಅವ್ವ.

“ಕಳ್ರು ಅವ್ರೆ ಕಣವ್ವ. ತುಮಕೂರ್ ಬಸ್‌ಸ್ಟ್ಯಾಂಡಲ್ಲಿ ಇಲ್ವಾ?” ಎಂದೆ.

ಆಮೇಲೆ ಫೋಲಾಕೆಯ ವಿಷಯ ಹೇಳಿದೆ. ಆಕೆ ಅಲ್ಲಿ ನಮ್ಮ ನೆರೆಯವಳು. ಯಜಮಾನರು ಊರಲ್ಲಿಲ್ಲದಾಗ ನನಗೆ ಮಲೇರಿಯಾ ಬಂತು. ಆಕೆ ನನ್ನ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡಿದಳು. ನಾವು ಮಾಂಸ ತಿನ್ನುವುದಿಲ್ಲವೆಂದು ಹೊಸ ಪಾತ್ರೆ ತಂದು, ಅದರಲ್ಲೇ ನನಗೆ ಗಂಜಿ ಕಾಯಿಸಿದಳು.

“ಪಾತ್ರೆ ತಾ ಅಂತ ನೀನ್ ಹೇಳಿದ್ಯಾ?”

“ಇಲ್ಲ ಕಣವ್ವ, ಅವಳಾಗೇ ತಂದ್ಲು.”

“ನಂಗೆ ಜ್ವರ ಬಂದಾಗ ಸಿದ್ದಗಂಗಯ್ಯನ ಹೆಂಡ್ತಿ ಬಾಗ್ಲಲ್ಲೇ ನಿಂತು ಹೋದ್ಲು,” ಎನ್ನುತ್ತಾ ಅವ್ವ ಒಳಗೆ ನಡೆದಳು.

ಬೆಳಿಗ್ಗೆ ತಂಗಿ ಕಾಲಿಗೆರಗಿ ಎದ್ದಾಗ, ಅವ್ವ ಮುತ್ತುಗದ ಎಲೆಯಲ್ಲಿ ಕಟ್ಟಿದ ಚಿತ್ರಾನ್ನದ ಬುತ್ತಿಯನ್ನು ಅವಳ ಕೈಗಿಟ್ಟಳು.