ನನ್ನನ್ನು ಆರಿಸಿದ ಹದಿನೈದು ದಿನ

ನಾನು ಒಂದು ಸಾಲು. ಗದಗಿನ ಒಂದು ರಕ್ತನಿಧಿಯ ಕಂಪ್ಯೂಟರಿನಲ್ಲಿ ಪರ್ಲ್ ಭಾಷೆಯ ಪ್ರೋಗ್ರಾಮೊಂದಿದೆಯಲ್ಲ, ಅದರ ನಡುವೆ ನನ್ನ ವಾಸ. ಹುಟ್ಟಿಸಿದವರು ಇಮಾಮಸಾಬ್ ಸರ್. ಯಾರಿಗಾದರೂ ರಕ್ತದ ಚೀಲ ಕೊಟ್ಟಾಗ ಅದು ಪಟ್ಟಿಯಿಂದ ಹೋಯಿತೇ ಎಂದು ಕೇಳುವುದು, ಹೋಗದಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸಿ ಕೂಗುವುದು ನನ್ನ ಕೆಲಸ.

ನನಗೊಂದು ಸ್ವಿಚ್ಚೂ ಇತ್ತು. ಸರ್ ಸೇರಿಸಿದ ಒಂದು ಮಾಡ್ಯೂಲಿನ, ಅಂದರೆ ಪ್ರೋಗ್ರಾಮಿಗೆ ಜೋಡಿಸಿದ ಪುಟ್ಟ ಭಾಗದ, ಕೈಯಲ್ಲಿ ಅದು. ಹಾಕಿದರೆ ನಾನು, ನನ್ನಂಥ ನಲವತ್ತು ಸಾಲುಗಳು ಎಚ್ಚರ. ಆರಿಸಿದರೆ ಪರ್ಲ್ ನಮ್ಮನ್ನು ದಾಟಿಕೊಂಡು ಹೋಗುತ್ತದೆ. ತಪ್ಪು ಹುಡುಕುವ ದಿನಗಳಿಗಷ್ಟೇ ನಾವು ಬೇಕು.

ಮೂರು ವರ್ಷ ಯಾರೂ ಆರಿಸಲಿಲ್ಲ. ಸರ್ ನಿವೃತ್ತರಾಗಿ ಅವರ ಜಾಗಕ್ಕೆ ನೀಲಗಂಗಾ ಬಂದಳು. ಕೌಂಟರಿನ ಅಕ್ಕಮ್ಮ ದಿನಾ ಚುಚ್ಚುವಳು: "ಯವ್ವಾ, ಇದು ಒಂದು ಚೀಲ ಬರಕೊಳ್ಳೂದರಾಗ ನಾ ಚಾ ಕುಡದು ಬರತೇನಿ ನೋಡು." ಕೇಳಿ ಕೇಳಿ ಸಾಕಾಗಿ, ನಮ್ಮ ತಪಾಸಣೆಯಿಂದಲೇ ಪ್ರೋಗ್ರಾಮು ನಿಧಾನವೆಂದು ಕಂಡು, ನೀಲಗಂಗಾ ಸ್ವಿಚ್ ಆರಿಸಿದಳು.

ಹದಿನೈದು ದಿನದ ಮೇಲೆ, ಒಂದು ಮಧ್ಯಾಹ್ನ, ಎಚ್ಚರವಾಯಿತು. ಪರದೆಯ ಮುಂದೆ ಇಮಾಮಸಾಬ್ ಸರ್! ಅವರನ್ನು ಮನೆಯಿಂದ ಕರೆಸಿದ್ದರು. ಅಕ್ಕಮ್ಮ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು.

"ಪಟ್ಟಿಯೊಳಗ ಓ ನೆಗೆಟಿವ್ ಎರಡು ಚೀಲ ಅದಾವಂತ ನಾನ ಡಾಕ್ಟರಿಗೆ ಹೇಳೀನ್ರೀ ಸರ್. ಅವರು ಹೆರಿಗಿ ಆಪರೇಷನ್ ಸುರು ಮಾಡ್ಯಾರ. ಫ್ರಿಜ್ ತಗದ್ರ ಒಂದೂ ಇಲ್ಲ! ಹೋದ ವಾರನ ಕೊಟ್ಟು ಮುಗಿಸೇವಿ."

ಹುಬ್ಬಳ್ಳಿಯಿಂದ ಚೀಲ ಹೊರಟಿತ್ತು. ತಾಯಿಗೆ ರಕ್ತ ಹರಿಯುತ್ತಲೇ ಇತ್ತು. ಪಟ್ಟಿಯಲ್ಲಿ ಇನ್ನೆಷ್ಟು ಸುಳ್ಳಿದೆಯೋ, ಯಾರಿಗೂ ತಿಳಿಯದು.

ತಪ್ಪು ಹುಡುಕಲೆಂದು ಸರ್ ನಮ್ಮನ್ನು ಎಬ್ಬಿಸಿ, ಪಟ್ಟಿಯಲ್ಲಿ ಒಂದು ಸುಳ್ಳು ಚೀಲ ಬರೆದು, ಅದನ್ನು ಕೊಟ್ಟಂತೆ ಮಾಡಿ ನೋಡಿದರು. ಪಟ್ಟಿಯಿಂದ ಹೋಯಿತು. ಇನ್ನೊಂದು. ಅದೂ ಹೋಯಿತು!

"ಎಲ್ಲಾ ಬರೋಬ್ಬರಿ ಅದ ಅಲ್ಲ?" ಎಂದು ನೀಲಗಂಗಾ ಕಣ್ಣರಳಿಸಿದಳು.

ಸರ್ ನನ್ನನ್ನು ಓದಿದರು. ಮತ್ತೆ ಓದಿದರು. ಹಣೆ ಬಡಿದುಕೊಂಡರು.

"ಯಾ ಅಲ್ಲಾ! ಚೀಲ ತಗಿಯೂ ಕೆಲಸಾನ ಇದರ ಹೊಟ್ಟ್ಯಾಗ ಇಟ್ಟೇನಲ್ಲ!"

ನನಗೆ ಸಿಡಿಲು ಬಡಿದಂತಾಯಿತು. ಹೋಯಿತೇ ಎಂದು ಕೇಳುತ್ತಿದ್ದವನು ನಾನು; ತೆಗೆಯುತ್ತಿದ್ದವನೂ ನಾನೇ! ನನ್ನನ್ನು ಆರಿಸಿದಾಗ ಆ ಕೆಲಸವೂ ಆರಿತ್ತು.

"ಆರಿಸಿದಾಕಿ ನಾನರೀ ಸರ್," ಎಂದಳು ನೀಲಗಂಗಾ.

"ಆರಿಸಾಕಂತನ ಸ್ವಿಚ್ ಇಟ್ಟಿದ್ದು ತಂಗಿ. ತಪ್ಪು ನಂದು."

ಫೋನು ಬಡಿದುಕೊಂಡಿತು. ಅಕ್ಕಮ್ಮ ಎತ್ತಿದಳು, ಕೇಳಿದಳು. "ಚೀಲ ಮುಟ್ಟೇತಂತ. ತಾಯಿ ಉಳದಾಳಂತ," ಎಂದು ಬಿಕ್ಕಿದಳು.

ಚೀಲ ತೆಗೆಯುವ ಕೆಲಸಕ್ಕೆ ಸರ್ ಅಂದೇ ಬೇರೆ ಸಾಲು ಬರೆದರು. ನನಗೆ ಪ್ರಶ್ನೆಯಷ್ಟೇ ಉಳಿಯಿತು; ಸ್ವಿಚ್ಚನ್ನು ಮತ್ತೆ ಆರಿಸಿದರು. ಈಗ ಮುದುಕ; ಯಾರಾದರೂ ತಪ್ಪು ಹುಡುಕುವ ದಿನ ಒಮ್ಮೆ ಏಳುತ್ತೇನೆ. ಆ ತಾಯಿಯ ಹೆಸರು ನನಗೆ ಗೊತ್ತಿಲ್ಲ. ನಾನು ಮಲಗಿದ್ದಾಗಲೂ ಅಂಥವರಿಗೆ ಚೀಲ ಸಿಗುತ್ತಿದ್ದರೆ, ನನ್ನ ನಿದ್ದೆಗೆ ಅದಕ್ಕಿಂತ ಮೆತ್ತನೆಯ ಹಾಸಿಗೆ ಬೇಡ.