ಎಲೆ ಒರೆಸಿದ ಕೈ

ಬೆರಳ ಸಂದಿಯಲ್ಲೂ ಕಪ್ಪು — ದೀಪಾವಳಿ ಕಳೆದು ಹೊಗೆ ಮೇಲೇರದೆ ನೆಲಕ್ಕೇ ಕೂರುವ ಚಳಿ, ಬೆಳಗಿನ ಏಳು ಗಂಟೆ ಇರಬೇಕು, ಬಾಳೆ ಎಲೆಗೆ ಕತ್ತಿ ಹಾಕುವಾಗ ಕಂಡದ್ದು, ಮರಾಠಿ ಸೀಮೆಯ ಠಾಕುರ್ಲಿಯಲ್ಲಿ ರೈಲು ಹಳಿಯ ಬದಿಯ ಈ ಗೇಣಿ ಜಾಗದಲ್ಲಿ ಎಷ್ಟು ಚಳಿಗಾಲ ಕಳೆದೆನೋ, ಆಗೆಲ್ಲ ಎಲೆಯ ಮೇಲೆ ಇಬ್ಬನಿ, ಈಗ ಕಾರ್ಖಾನೆಗಳ ಮಸಿ, ಎಣ್ಣೆಯಂಥ ಮಸಿ, ನೀರು ಹೊಯ್ದರೆ ಜಾರುವುದಿಲ್ಲ, ಅಂಚೆಲ್ಲ ಸುಟ್ಟ ಹಾಗೆ, ಹೊಸ ಎಲೆಯೂ ಗಿಡ್ಡ. ಗುರಮ್ಮ ಒದ್ದೆ ಬಟ್ಟೆಯಲ್ಲಿ ತಿಕ್ಕುತ್ತಾಳೆ, ಕಲಬುರಗಿ ಕಡೆಯವಳು, ಗಂಡ ಹೋದ ಮೇಲೆ ನನ್ನ ಜೊತೆ ಅರ್ಧ ಪಾಲಿಗೆ ದುಡಿಯುವವಳು, ಎಲೆ ಮಾರಿದರೆ ಮಾತ್ರ ಅವಳ ಒಲೆ ಉರಿಯುವುದು — ಅಣ್ಣಾರ, ತಿಕ್ಕಿದ್ರ ಎಲಿ ಹರೀತದ, ಬಿಟ್ರ ಹೋಟೆಲ್ ಭಟ್ರು ಒಲ್ಲೆ ಅಂತಾರ, ಏನ್ ಮಾಡ್ಲಿ ಹೇಳ್ರಿ. ಹರಿಯದೆ ಉಳಿದದ್ದನ್ನು ಕಟ್ಟಿ ಡೊಂಬಿವಲಿಗೆ ಹೊತ್ತೆ, ಸಂಕರ್ಷಣ ಭಟ್ಟರ ಹೋಟೆಲಿಗೆ, ಅವರ ತಂದೆಯ ಕಾಲದಿಂದ ಅಲ್ಲಿ ನನ್ನದೇ ಎಲೆ, ನಮ್ಮವರು ಊಟಕ್ಕೆ ಕೂತರೆ ಮೊದಲು ಎಲೆಗೆ ನೀರು ಚಿಮುಕಿಸಿ ಅಂಗೈಯಲ್ಲಿ ಒರೆಸುತ್ತಾರಲ್ಲ, ಆ ದಿನ ಒಬ್ಬ ಹೆಂಗಸು ಒರೆಸಿ, ಅಂಗೈ ನೋಡಿಕೊಂಡು, ಮಗಳ ಕೈಯನ್ನೂ ಹಿಡಿದು ನೋಡಿ, ಉಣ್ಣದೆ ಎದ್ದುಹೋದಳು, ಬೈದಿದ್ದರೆ ಒಳ್ಳೆಯದಿತ್ತು. ನಿಮ್ಮ ಮೇಲೆ ಸಿಟ್ಟಿಲ್ಲ ಮುಂಡಪ್ಪಣ್ಣ, ನಾಳೆಯಿಂದ ಎಲೆ ಬೇಡ ಮಾರಾಯ್ರೆ, ಜನ ಕೈ ನೋಡಿ ಏಳ್ತಾರೆ, ನಾನೆಂತ ಮಾಡುದು, ಎಂದರು ಭಟ್ಟರು — ಗಲ್ಲಾಪೆಟ್ಟಿಗೆಯ ಪಕ್ಕ ಹಸಿರು ಕಾಗದದ ಎಲೆಯ ಕಟ್ಟು ಆಗಲೇ ಬಂದು ಬಿದ್ದಿತ್ತು, ಬಾಳೆಯ ನರಗಳನ್ನೂ ಅಚ್ಚು ಹಾಕಿದ್ದಾರೆ.

ಕಾಗದದ ಎಲೆಯ ಸುದ್ದಿ ಹೇಳಿದರೆ ಗುರಮ್ಮ ನಕ್ಕಳು, ಉಂಡ ಮ್ಯಾಲ ಅದನ್ನ ಯಾವ ದನ ತಿಂತದ್ರಿ, ರದ್ದಿ ಅಂಗಡ್ಯಾಂವನ ದನಾನ, ಆಮೇಲೆ ಕತ್ತಿಯನ್ನು ಮಣ್ಣಿಗೆ ಚುಚ್ಚಿದಳು, ಬೇರೆ ಹೋಟೆಲು ಕೇಳುತ್ತೇನೆ ಎಂದೆ, ಕಲ್ಯಾಣ, ಘಣಸೋಲಿ, ಸೀವುಡ್ಸ್ ತನಕ ಹೋದೆ, ಎಲ್ಲರೂ ಒಂದು ಎಲೆ ಎಳೆದು ಅಂಗೈಯಲ್ಲಿ ಒರೆಸಿದರು, ಬರಿಗೈಯಲ್ಲಿ ಬಂದು ಕೂತರೆ ಅವಳು ಬೆಲ್ಲದ ಚಹಾ ಕೊಡುತ್ತಾಳೆ, ಮಸಿ ಬೀಳುತ್ತಲೇ ಇದೆ, ಸದ್ದಿಲ್ಲದೆ. ಎಳ್ಳಮಾಸಿಗೆ ಅಕ್ಕನ ಹೊಲದಾಗ ಇರ್ತೀನ್ರಿ ಅಣ್ಣಾರ, ತಿರುಗಿ ಬರೂದಿಲ್ಲ, ಅಂದಳು ಒಂದು ದಿನ. ಏನು ಕೊಟ್ಟು ತಡೆಯಲಿ, ಕೊಡಲಿಕ್ಕೆ ಇರುವುದು ಈ ಎಲೆಯೇ, ಕಳಿಸಲು ಹೋದೆ, ಕಲ್ಯಾಣ ಸ್ಟೇಷನ್ನಿನ ನೂಕುನುಗ್ಗಲು, ಅವಳ ಮಡಿಲಲ್ಲಿ ಒದ್ದೆ ಗೋಣಿ ಸುತ್ತಿದ ಒಂದು ಬಾಳೆಕಂದು, ಇಲ್ಲಿಂದ ಕಿತ್ತದ್ದು, ಅಲ್ಲಿ ನೆಡುತ್ತಾಳಂತೆ, ರೈಲು ಅಲುಗಿದಾಗ ಕಿಟಕಿಯ ಸರಳಿನಿಂದ ಅದರ ಸುಳಿ ಹೊರಗೆ ಬಂತು, ಬಿಚ್ಚದ ಸುಳಿ, ಅದೇ ಕಣ್ಣಿಗೆ ಬರುತ್ತದೆ, ಕತ್ತಿ ಹಿಡಿದರೆ ಅದು, ಉಣ್ಣಲು ಕೂತರೆ ಅದು — ಗುರಮ್ಮ ಹೋದದ್ದು ಎಳ್ಳಮಾವಾಸ್ಯೆಯ ಹಿಂದಿನ ದಿನ, ಗುರುವಾರ, ಸರಳಿನಿಂದ ಹೊರಗೆ ಆ ಸುಳಿ, ಇನ್ನೂ ಬಿಚ್ಚದ್ದು.