ಕತ್ತರಿಸಿ ಎಸೆದ ನಾಲ್ಕು ನಿಮಿಷ

ಆರು ವರ್ಷದಿಂದ ಅವಳ ಕೆಲಸ ಒಂದೇ: ಮೇಷ್ಟ್ರ ಪ್ರವಚನದಿಂದ ಮೌನವನ್ನು ತೆಗೆಯುವುದು. ಒಂದು ಕಾಲಕ್ಕೆ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಆ ಮುದುಕರು ಭಾನುವಾರ ಆಡಿದ ಮಾತಿನ ರೆಕಾರ್ಡಿಂಗು ಸೋಮವಾರ ಬೆಳಿಗ್ಗೆ ಅವಳ ಮನೆಗೆ ಬರುತ್ತಿತ್ತು. ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಎರಡು ಸೆಕೆಂಡು ಮೀರಿದ ಮೌನ ಎಲ್ಲವನ್ನೂ ಕತ್ತರಿಸಿ, ಮಾತಿಗೆ ಮಾತು ಬೆಸೆಯುತ್ತಿದ್ದಳು. ಮೌನವನ್ನು ಕೇಳುವ ಅಗತ್ಯವೇ ಇರಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಮಾತು ಏರಿಳಿಯುವ ಅಲೆ, ಮೌನ ಚಪ್ಪಟೆ ಗೆರೆ; ಅದನ್ನು ಕಣ್ಣಳತೆಯಲ್ಲೇ ತೆಗೆದುಹಾಕುತ್ತಿದ್ದಳು. ಮೇಷ್ಟ್ರ ಮಾತು ನೀರು ಹರಿದ ಹಾಗೆ ಎಂದು ಕೇಳಿದವರೆಲ್ಲ ಕೊಂಡಾಡುತ್ತಿದ್ದರು. ಅಜ್ಜಿಯನ್ನು ಒಬ್ಬಳೇ ಬಿಡಲಾಗದೆ ಅವಳು ಒಮ್ಮೆಯೂ ಅವರೆದುರು ಕೂತವಳಲ್ಲ.

ಬರುವ ಭಾನುವಾರ ಅವರನ್ನೇ ಗುರುವೆಂದು ಒಪ್ಪಿಕೊಂಡು, ಉಳಿದ ಬದುಕನ್ನು ಅವರ ದಾರಿಗೆ ಕೊಡುವುದೆಂದು ತೀರ್ಮಾನಿಸಿದ್ದಳು. ಅವರು ಅರಿತವರು ಅನ್ನೋದು ನಿನಗೆ ಹೇಗೆ ಗೊತ್ತಾಯಿತು ಎಂದು ಅಜ್ಜಿ ಕೇಳಿದಳು. ಆರು ವರ್ಷದಲ್ಲಿ ಒಂದು ಸಲವೂ ತಡವರಿಸಿಲ್ಲ ಎಂದಳು ಮೊಮ್ಮಗಳು.

ಅಜ್ಜಿ ಹಲ್ಲಿನ ಸೆಟ್ಟನ್ನು ಲೋಟದ ನೀರಿಗೆ ಬಿಟ್ಟು, ಬೊಚ್ಚುಬಾಯಲ್ಲಿ ನಕ್ಕಳು. "ಅಲ್ವೇ, ನೀನು ಕೈ ಮುಗೀತಿರೋದು ಅವರಿಗೋ, ನಿನ್ನ ಕತ್ತರಿಗೋ?"

ಮಾತು ನಾಟಿತು. ತನಗೆ ಬಾಯಿಪಾಠವಾಗಿದ್ದ ಪ್ರವಚನದ ಮೂಲವನ್ನು ಹುಡುಕಿ ತೆಗೆದಳು. ಅವಳು ಬೆಸೆದು ಕಳಿಸಿದ್ದರಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು, ಅವನು ಈಗ ಎಲ್ಲಿದ್ದಾನೆ ಎಂದು ಕೇಳುತ್ತಾಳೆ. ಹೋದವರು ಎಲ್ಲಿಗೂ ಹೋಗಿರುವುದಿಲ್ಲ ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ವಾಕ್ಯವೇ ಅವಳನ್ನು ಮೇಷ್ಟ್ರತ್ತ ಎಳೆದದ್ದು.

ಮೂಲದಲ್ಲಿ ಪ್ರಶ್ನೆಯ ನಂತರ, ಅಲ್ಲಲ್ಲಿ ಸಣ್ಣ ಉಬ್ಬುಗಳಷ್ಟೇ ಇದ್ದ ಉದ್ದನೆಯ ಚಪ್ಪಟೆ ಗೆರೆ. ಈ ಸಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಫ್ಯಾನಿನ ಸದ್ದು. ಬಿಕ್ಕು. ಕುರ್ಚಿ ಕಿರುಗುಟ್ಟಿತು, ನಿಧಾನದ ಹೆಜ್ಜೆಗಳು ತಾಯಿಯ ಹತ್ತಿರ ಬಂದು ನಿಂತವು. ಆಮೇಲೆ, ಪರದೆಯಲ್ಲಿ ಕೆಮ್ಮಿನಷ್ಟೇ ಸಣ್ಣದಾಗಿ ಕಾಣುವ ಪಿಸುದನಿ: "ನಂಗೆ ಗೊತ್ತಿಲ್ಲಮ್ಮ."

ಮತ್ತೆ ಮೌನ. ಅದರೊಳಗೆ ತಾಯಿಯ ಬಿಕ್ಕು ಸಡಿಲವಾಗಿ, ಉಸಿರು ಹದಕ್ಕೆ ಬಂತು. ಒಟ್ಟು ನಾಲ್ಕು ನಿಮಿಷ. ಆಮೇಲೆ ಇನ್ಯಾರೋ ದೂರದಿಂದ ಇನ್ನೇನೋ ಕೇಳಿದರು. ಬಾಯಿಪಾಠದ ಆ ವಾಕ್ಯ ಅವರಿಗೆ ಕೊಟ್ಟ ಉತ್ತರ; ಪರದೆಯಲ್ಲಿ ಕಂಡೂ ಕಾಣದ ಅವರ ಪ್ರಶ್ನೆಯನ್ನೂ ಅವಳು ಮೌನದ ಜೊತೆಗೇ ಕತ್ತರಿಸಿದ್ದಳು.

ಅವಳ ಮುಖ ಸುಟ್ಟಂತಾಯಿತು. ಇಷ್ಟು ದಿನ ಪೂಜಿಸಿದ್ದು ತನ್ನದೇ ಬೆಸುಗೆಯನ್ನು. ಆದರೂ ಎರಡನೆಯ ಸಲ ಕೇಳಿ ಮುಗಿಸುವಷ್ಟರಲ್ಲಿ ಅನುಮಾನವೆಲ್ಲ ಕರಗಿತ್ತು. ಗೊತ್ತಿಲ್ಲ ಎಂದು ಹೇಳಿ, ಆ ಗೊತ್ತಿಲ್ಲದ್ದರಲ್ಲೇ ಇನ್ನೊಬ್ಬರ ಜೊತೆ ಅಲುಗಾಡದೆ ನಿಲ್ಲಬಲ್ಲವರು ಇವರು. ಇಂಥವರನ್ನೇ ತಾನು ವಾರವಾರವೂ ಕಸಕ್ಕೆ ಹಾಕುತ್ತ ಬಂದಿದ್ದಳು.

ಪ್ರವಚನಗಳನ್ನು ಪ್ರಕಟಿಸುವವರಿಗೆ ಆ ಮೂಲವನ್ನು ಕತ್ತರಿಸದೆ ಹಾಗೇ ಕಳಿಸಿದಳು. ಇಷ್ಟುದ್ದದ ಮೌನ ಕೇಳಿದವರು ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಾರೆ ಎಂದು ಅವರು ಫೋನಿನಲ್ಲಿ ರೇಗಿದರು. ಅಂದುಕೊಳ್ಳಲಿ, ಒಂದು ಸೆಕೆಂಡನ್ನೂ ಮುಟ್ಟುವುದಿಲ್ಲ ಎಂದಳು.

ಭಾನುವಾರ ಅಜ್ಜಿಯ ಗಾಲಿಕುರ್ಚಿಯನ್ನು ತಳ್ಳಿಕೊಂಡೇ ಹೋದಳು. "ಮೇಷ್ಟ್ರೇ, ನೀವು ಹೇಳದ್ದನ್ನ ನಿಮ್ಮ ಬಾಯಲ್ಲಿ ಹೇಳಿಸಿದ್ದೀನಿ," ಎಂದು ನಡೆದದ್ದನ್ನು ತಿಳಿಸಿದಳು.

ಅವರು ಅವಳನ್ನೇ ನೋಡುತ್ತ ಸುಮ್ಮನೆ ಕೂತರು. ರೂಢಿಯಂತೆ ಅವಳ ಮನಸ್ಸು ಒಂದು, ಎರಡು ಎಂದು ಎಣಿಸಿತು. ಮೂರು ಎಣಿಸಲಿಲ್ಲ. ಅವಳೂ ಅವರೆದುರು ಕೂತಳು.